ಕ್ಯಾನ್ಸರ್: ವಂಶದ ರೋಗವೇ, ಅಂಟುರೋಗವೇ?

ಕೆಲವು ತಿಂಗಳ ಹಿಂದೆ, ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದ್ದ ಮಹಿಳೆಯೊಬ್ಬರನ್ನು ಕಾಣಲು ವಾಳೆಯ ಗುರಿಕಾರರೊಂದಿಗೆ ನಾವು ಹೋಗಿದ್ದೆವು. ಹಿತ್ತಲ ಬಾವಿಕಟ್ಟೆಯ ಬಳಿ ಒಂದು ಬಟ್ಟಲು, ಒಂದು ಲೋಟ, ಒಂದು ಚಮಚ ಬೇರೆಯಾಗಿ ತೊಳೆದಿಟ್ಟದ್ದು ಕಣ್ಣಿಗೆ ಬಿತ್ತು. ಹೊರಡುವ ಹೊತ್ತಿಗೆ ಆಕೆಯ ಅತ್ತೆ ನಮ್ಮನ್ನು ಜಗಲಿಯ ಮೂಲೆಗೆ ಕರೆದು ಮೆಲುದನಿಯಲ್ಲಿ ಕೇಳಿದರು: "ಫಾದರ್, ಇದು ವೈರಸ್ಸಿನಿಂದ ಬಂದ ಕಾಯಿಲೆ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಹಾಗಾದರೆ ಮಕ್ಕಳಿಗೆ ಅಂಟುವುದಿಲ್ಲವಾ?" ನಾವು ಬಾಯಿ ತೆರೆಯುವ ಮೊದಲೇ ಎರಡನೆಯ ಪ್ರಶ್ನೆ ಬಂತು. "ಡಾಕ್ಟರು ಜೀನು ಅಂತಲೂ ಏನೋ ಹೇಳಿದರು. ನಾಳೆ ಮೊಮ್ಮಗಳಿಗೆ ಸಂಬಂಧ ಕೂಡಿಬಂದರೆ ಇದನ್ನೆಲ್ಲ ಹೇಳಬೇಕಾಗುತ್ತದಾ?"

ಆ ದಿನ "ಹೆದರಬೇಡಿ" ಎಂದಷ್ಟೇ ಹೇಳಿ ಬಂದೆವು. ಸೆಮಿನರಿಯಲ್ಲಿ ಕಲಿತ ತತ್ವಶಾಸ್ತ್ರ ಇಂತಹ ಪ್ರಶ್ನೆಗಳಿಗೆ ನೆರವಾಗುವುದಿಲ್ಲ. ಆದರೆ ರೋಗಿಗಳ ಮನೆಗೆ ಭೇಟಿ ನೀಡುವ ಗುರುಗಳು, ಧರ್ಮಭಗಿನಿಯರು, ಸ್ತ್ರೀ ಸಂಘಟನೆಯ ಕಾರ್ಯಕರ್ತೆಯರು ಎಲ್ಲರೂ ಒಂದಲ್ಲ ಒಂದು ದಿನ ಈ ಎರಡು ಪ್ರಶ್ನೆಗಳನ್ನು ಎದುರಿಸುತ್ತಾರೆ. ಆದುದರಿಂದ ಬಳಿಕ ಪುಸ್ತಕಗಳನ್ನು ಓದಿ, ವೈದ್ಯರನ್ನು ಕೇಳಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಗೊಂದಲದ ಒಂದು ಪಾಲು ನಮ್ಮ ಭಾಷೆಯಿಂದಲೇ ಹುಟ್ಟಿದೆ. 'ಜೀನ್' ಎಂಬುದಕ್ಕೆ ಕನ್ನಡದಲ್ಲಿ ನಾವು 'ವಂಶವಾಹಿ' ಎನ್ನುತ್ತೇವೆ. ಕ್ಯಾನ್ಸರ್ ವಂಶವಾಹಿಯ ರೋಗ ಎಂದು ಹೇಳಿದ ಕೂಡಲೇ ಕೇಳಿದವರ ಮನಸ್ಸು ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳ ಕಡೆಗೆ ಓಡುತ್ತದೆ. ವಾಸ್ತವದಲ್ಲಿ ವಂಶವಾಹಿ ವಂಶವನ್ನು ಮುಂದುವರಿಸುವ ಕೆಲಸವನ್ನು ಜೀವಮಾನದಲ್ಲಿ ಎಲ್ಲೋ ಕೆಲವು ಸಲ ಮಾಡುತ್ತದೆ. ಉಳಿದ ಹೊತ್ತೆಲ್ಲ ಅದು ಜೀವಕೋಶದೊಳಗೆ ಕುಳಿತು ಯಾವ ಪ್ರೋಟೀನು ತಯಾರಾಗಬೇಕು, ಕೋಶ ಯಾವಾಗ ಇಬ್ಭಾಗವಾಗಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಸಾಯಬೇಕು ಎಂಬ ದಿನನಿತ್ಯದ ಆಡಳಿತವನ್ನು ನಡೆಸುತ್ತಿರುತ್ತದೆ. ಕ್ಯಾನ್ಸರಿನಲ್ಲಿ ಕೆಡುವುದು ಈ ಆಡಳಿತ.

ನಮ್ಮ ದೇಹದ ಬಹುತೇಕ ಜೀವಕೋಶಗಳ ಕೇಂದ್ರದಲ್ಲಿ 46 ವರ್ಣತಂತುಗಳಿವೆ. ಅವುಗಳಲ್ಲಿರುವ ಡಿಎನ್‌ಎ ಎಂಬ ಉದ್ದನೆಯ ದಾರದಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಸೂಚನೆಗಳಿವೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲೂ ಸುಮಾರು 300 ಕೋಟಿ ಅಕ್ಷರಗಳು. ಪ್ರೋಟೀನು ತಯಾರಿಸುವ ವಂಶವಾಹಿಗಳು ಸುಮಾರು 20 ಸಾವಿರ. ಕೋಶವೊಂದು ಇಬ್ಭಾಗವಾಗುವಾಗ ಈ ಇಡೀ ಪುಸ್ತಕವನ್ನು ಮತ್ತೊಮ್ಮೆ ನಕಲು ಮಾಡಬೇಕು. ಚರ್ಚ್ ಕಚೇರಿಯಲ್ಲಿ ಗೆದ್ದಲು ಹಿಡಿದ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಕೈಯಿಂದ ನಕಲು ಮಾಡಿದವರಿಗೆ ಇದರ ಕಷ್ಟ ಗೊತ್ತು. ಎಷ್ಟೇ ಎಚ್ಚರ ವಹಿಸಿದರೂ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆಮೇಲೆ ಪಾಸ್‌ಪೋರ್ಟ್ ಮಾಡಿಸುವಾಗ ಅದೇ ಒಂದು ಅಕ್ಷರ ಕಾಡುತ್ತದೆ! ಜೀವಕೋಶದಲ್ಲಿ ತಿದ್ದುವ ವ್ಯವಸ್ಥೆ ನಮ್ಮ ಕಚೇರಿಗಿಂತ ಬಹಳ ಚೆನ್ನಾಗಿದೆ. ಆದರೂ ಕೆಲವು ತಪ್ಪುಗಳು ಉಳಿದುಹೋಗುತ್ತವೆ. ಹೀಗೆ ಉಳಿದ ತಪ್ಪನ್ನೇ ಮ್ಯುಟೇಶನ್, ಅಂದರೆ ವಂಶವಾಹಿಯ ಮಾರ್ಪಾಡು ಎನ್ನುತ್ತಾರೆ.

ಹೆಚ್ಚಿನ ಮಾರ್ಪಾಡುಗಳಿಂದ ಏನೂ ಆಗುವುದಿಲ್ಲ. ಅಪಾಯ ಇರುವುದು ಎರಡು ಬಗೆಯ ವಂಶವಾಹಿಗಳಲ್ಲಿ ತಪ್ಪು ನುಸುಳಿದಾಗ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸನ್ನು ನೆನಪಿಸಿಕೊಳ್ಳಿ. ಆಕ್ಸಿಲರೇಟರ್ ಒತ್ತಿದಲ್ಲೇ ಸಿಕ್ಕಿಕೊಂಡರೆ ಅಪಾಯ. ಬ್ರೇಕ್ ಹೋದರೂ ಅಪಾಯ. ಜೀವಕೋಶದಲ್ಲಿ ಆಕ್ಸಿಲರೇಟರಿನಂತಹ ವಂಶವಾಹಿಗಳೂ ಇವೆ, ಬ್ರೇಕಿನಂತಹವೂ ಇವೆ. 1982ರಲ್ಲಿ ಅಮೆರಿಕದ ವಿಜ್ಞಾನಿಗಳು ಮೂತ್ರಕೋಶದ ಕ್ಯಾನ್ಸರಿನ ಜೀವಕೋಶಗಳನ್ನು ಪರೀಕ್ಷಿಸಿದಾಗ 'ರಾಸ್' ಎಂಬ ಆಕ್ಸಿಲರೇಟರ್ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡರು. ಆ ಒಂದು ಅಕ್ಷರದಿಂದ ಪ್ರೋಟೀನಿನ ರೂಪ ಬದಲಾಗಿ, 'ಬೆಳೆ' ಎಂಬ ಆಜ್ಞೆ ನಿಲ್ಲದೆ ಹೋಗುತ್ತಿತ್ತು. ಬ್ರೇಕುಗಳಲ್ಲಿ ಮುಖ್ಯವಾದವು ಎರಡು: 'ಆರ್‌ಬಿ' ಮತ್ತು 'ಪಿ53'. ಇವೆರಡರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ವೈರಸ್ಸಿನ ಕಥೆಯಲ್ಲಿ ಇವು ಮತ್ತೆ ಬರುತ್ತವೆ.

ಒಂದೇ ತಪ್ಪಿನಿಂದ ಕ್ಯಾನ್ಸರ್ ಬರುವುದಿಲ್ಲ. ಒಂದೇ ಕೋಶದ ಸಂತತಿಯಲ್ಲಿ ಹಲವು ತಪ್ಪುಗಳು ವರ್ಷಗಟ್ಟಲೆ ಒಟ್ಟುಗೂಡಬೇಕು. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದಕ್ಕೆ ಇದೇ ಕಾರಣ. ಕೆಲವು ತಪ್ಪುಗಳು ನಕಲು ಮಾಡುವಾಗ ತಾವಾಗಿಯೇ ಆಗುತ್ತವೆ. ಇನ್ನು ಕೆಲವನ್ನು ನಾವೇ ಬರಮಾಡಿಕೊಳ್ಳುತ್ತೇವೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ರಾಸಾಯನಿಕವೊಂದು ಪಿ53 ವಂಶವಾಹಿಯ ನಿರ್ದಿಷ್ಟ ಅಕ್ಷರಗಳಿಗೇ ಹೋಗಿ ಅಂಟಿಕೊಳ್ಳುತ್ತದೆ ಎಂಬುದು 1996ರಲ್ಲಿ ತಿಳಿಯಿತು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕೆಟ್ಟಿರುವುದೂ ಹೆಚ್ಚಾಗಿ ಅದೇ ಜಾಗಗಳು. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವವರ ಬಾಯಿಯಲ್ಲೂ ಇಂತಹ ಹಾನಿಯೇ ನಡೆಯುತ್ತದೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ. ಅಡಿಕೆ ತೋಟವನ್ನೇ ನಂಬಿರುವ ನಮ್ಮ ಅನೇಕ ಓದುಗರಿಗೆ ಈ ಮಾತು ಹಿತವೆನಿಸದು ಎಂಬುದು ನಮಗೆ ಗೊತ್ತು. ಆದರೆ ಜಗಿಯುವವರಿಗೆ ಇದನ್ನು ಹೇಳದಿರಲಾಗದು.

ಹಾಗಾದರೆ ಹುಟ್ಟಿನಿಂದಲೇ ಬರುವ ಕ್ಯಾನ್ಸರ್ ಇಲ್ಲವೇ? ಇದೆ, ಆದರೆ ಅದು ಒಟ್ಟು ಕ್ಯಾನ್ಸರುಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ. ಇದಕ್ಕೆ ಒಳ್ಳೆಯ ಉದಾಹರಣೆ ಪುಟ್ಟ ಮಕ್ಕಳ ಕಣ್ಣಿನ ಕ್ಯಾನ್ಸರ್. ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಇಂತಹ 48 ಮಕ್ಕಳ ವಿವರಗಳನ್ನು ಪರಿಶೀಲಿಸಿ ಒಂದು ಸರಳ ಲೆಕ್ಕವನ್ನು ಮುಂದಿಟ್ಟರು. ಬ್ರೇಕು ಎರಡು ಪ್ರತಿಗಳಲ್ಲಿ ಇರುವುದರಿಂದ ಎರಡೂ ಕೆಡಬೇಕು. ಸಾಮಾನ್ಯ ಮಗುವಿನಲ್ಲಿ ಒಂದೇ ಕೋಶದಲ್ಲಿ ಎರಡೂ ಕೆಡುವುದು ತೀರಾ ಅಪರೂಪ. ಆದುದರಿಂದ ಒಂದೇ ಕಣ್ಣಿಗೆ ರೋಗ ಬರುತ್ತದೆ. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿರುವ ಮಗುವಿನಲ್ಲಿ ಇನ್ನೊಂದು ಕೆಟ್ಟರೆ ಸಾಕು. ಆದುದರಿಂದ ಎಳೆಯ ವಯಸ್ಸಿನಲ್ಲೇ, ಹಲವು ಸಲ ಎರಡೂ ಕಣ್ಣಿಗೆ ಬರುತ್ತದೆ. ಈ ಬ್ರೇಕೇ ಆರ್‌ಬಿ. (ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.) ಸ್ತನ ಮತ್ತು ಅಂಡಾಶಯದ ಕ್ಯಾನ್ಸರುಗಳಲ್ಲೂ ಒಂದು ಸಣ್ಣ ಪಾಲು ಹೀಗೆ ಕುಟುಂಬಗಳಲ್ಲಿ ಇಳಿದು ಬರುತ್ತದೆ. ಒಂದೇ ಮನೆತನದಲ್ಲಿ ಹಲವರಿಗೆ, ಅದೂ ಎಳೆಯ ವಯಸ್ಸಿನಲ್ಲಿ ಬಂದಿದ್ದರೆ ವೈದ್ಯರ ಸಲಹೆ ಪಡೆಯಬೇಕು. ಉಳಿದಂತೆ, ರೋಗಿಯ ಗಡ್ಡೆಯೊಳಗಿನ ಕೋಶಗಳಲ್ಲಿ ಆದ ಮಾರ್ಪಾಡು ಅಲ್ಲಿಯೇ ಹುಟ್ಟಿದ್ದು. ಅದು ಮಕ್ಕಳಿಗೆ ಹೋಗುವುದಿಲ್ಲ.

ಇನ್ನು ವೈರಸ್ಸಿನ ವಿಷಯ. ಈ ಕಥೆ ಶುರುವಾಗುವುದು ಒಂದು ಕೋಳಿಯಿಂದ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ಪೇಟನ್ ರೌಸ್ ಎಂಬ ಯುವ ವೈದ್ಯರ ಬಳಿಗೆ ಗಡ್ಡೆ ಬೆಳೆದಿದ್ದ ಕೋಳಿಯೊಂದನ್ನು ತಂದಿದ್ದರು. ಅವರು ಗಡ್ಡೆಯನ್ನು ಅರೆದು, ಕೋಶಗಳಾಗಲಿ ಬ್ಯಾಕ್ಟೀರಿಯಾಗಳಾಗಲಿ ದಾಟಲಾರದ ಸೂಕ್ಷ್ಮ ಸೋಸುಕದಲ್ಲಿ ಸೋಸಿ, ಆ ತಿಳಿಯನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಿಗೂ ಗಡ್ಡೆ ಬಂತು. 1911ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಬಹಳ ಮಂದಿ ನಂಬಲಿಲ್ಲ. ನೊಬೆಲ್ ಪ್ರಶಸ್ತಿ ಬಂದದ್ದು 1966ರಲ್ಲಿ, ರೌಸ್ ಅವರಿಗೆ 87 ವರ್ಷ ತುಂಬಿದ್ದಾಗ. ಅದಕ್ಕಿಂತಲೂ ದೊಡ್ಡ ಅಚ್ಚರಿ 1976ರಲ್ಲಿ ಕಾದಿತ್ತು. ಆ ವೈರಸ್ಸಿನಲ್ಲಿ ಕ್ಯಾನ್ಸರ್ ಉಂಟುಮಾಡುವ ವಂಶವಾಹಿ ವೈರಸ್ಸಿನದ್ದೇ ಅಲ್ಲ, ಆರೋಗ್ಯವಂತ ಕೋಳಿಯಲ್ಲೂ ಇರುವ ಒಂದು ವಂಶವಾಹಿಯ ಕೆಟ್ಟ ನಕಲು ಎಂದು ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ತಂಡ ತೋರಿಸಿತು. ವೈರಸ್ ಎಂದೋ ಕೋಳಿಯಿಂದ ಅದನ್ನು ಕದ್ದೊಯ್ದು ಕೆಡಿಸಿ ಮರಳಿ ತಂದಿತ್ತು. ಅಲ್ಲಿಗೆ 'ಕ್ಯಾನ್ಸರಿಗೆ ಕಾರಣ ವೈರಸ್ಸೋ ವಂಶವಾಹಿಯೋ' ಎಂಬ ವಾದ ಮುಗಿಯಿತು. ವೈರಸ್ಸೂ ಕೈ ಹಾಕುವುದು ಅದೇ ಆಕ್ಸಿಲರೇಟರಿಗೆ, ಅದೇ ಬ್ರೇಕಿಗೆ.

ಮನುಷ್ಯರಲ್ಲಿ ಕ್ಯಾನ್ಸರಿಗೆ ನೇರ ಕಾರಣವೆಂದು ಗುರುತಿಸಲಾದ ವೈರಸ್ಸುಗಳು ಬೆರಳೆಣಿಕೆಯಷ್ಟು ಮಾತ್ರ. ಹೊಟ್ಟೆಯ ಒಂದು ಬ್ಯಾಕ್ಟೀರಿಯಾವನ್ನೂ ಸೇರಿಸಿದರೆ, ಜಗತ್ತಿನ ಒಟ್ಟು ಕ್ಯಾನ್ಸರುಗಳಲ್ಲಿ ಸುಮಾರು ಶೇ. 13ರಷ್ಟು ಸೋಂಕಿನಿಂದ ಬಂದವು ಎಂದು 2018ರ ಅಂಕಿ ಅಂಶಗಳು ತಿಳಿಸುತ್ತವೆ. ನಮ್ಮ ಮಹಿಳೆಯರ ಮಟ್ಟಿಗೆ ಬಹಳ ಮುಖ್ಯವಾದದ್ದು ಮಾನವ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಬಂದು, ಸುಮಾರು 80 ಸಾವಿರ ಮಂದಿ ತೀರಿಕೊಂಡರೆಂಬುದು ಅಂದಾಜು.

ಈ ರೋಗದ ಮೊದಲ ಸುಳಿವು ಸಿಕ್ಕಿದ್ದು ಸಾವಿನ ದಾಖಲೆಗಳಲ್ಲಿ ಎಂಬುದು ಚರ್ಚ್ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಕುತೂಹಲದ ಸಂಗತಿ. ಇಟಲಿಯ ಡೊಮೆನಿಕೊ ರಿಗೋನಿ ಸ್ಟರ್ನ್ ಎಂಬ ವೈದ್ಯ ವೆರೋನಾ ನಗರದ 1760ರಿಂದ 1839ರವರೆಗಿನ ಸಾವಿನ ದಾಖಲೆಗಳನ್ನು ತಿರುವಿಹಾಕಿ 1842ರಲ್ಲಿ ವರದಿ ಪ್ರಕಟಿಸಿದರು. ಗರ್ಭಕೋಶದ ಕ್ಯಾನ್ಸರಿನಿಂದ ಸತ್ತವರಲ್ಲಿ ವಿವಾಹಿತರು ಮತ್ತು ವಿಧವೆಯರೇ ಹೆಚ್ಚು, ಕಾನ್ವೆಂಟಿನ ಧರ್ಮಭಗಿನಿಯರು ತೀರಾ ಕಡಿಮೆ. ಆದರೆ ಸ್ತನ ಕ್ಯಾನ್ಸರ್ ಧರ್ಮಭಗಿನಿಯರಲ್ಲೇ ಹೆಚ್ಚು! (ಹೆರಿಗೆ ಮತ್ತು ಹಾಲೂಡಿಸುವಿಕೆ ಸ್ತನ ಕ್ಯಾನ್ಸರಿನಿಂದ ಸ್ವಲ್ಪ ರಕ್ಷಣೆ ಕೊಡುತ್ತವೆ ಎಂಬುದು ಈಗ ತಿಳಿದಿದೆ. ನಮ್ಮ ಕಾನ್ವೆಂಟುಗಳ ಹಿರಿಯ ಭಗಿನಿಯರು ಸ್ತನ ಪರೀಕ್ಷೆಯನ್ನು ಮರೆಯಬಾರದು.) ಗರ್ಭಕೊರಳಿನ ರೋಗಕ್ಕೂ ದಾಂಪತ್ಯ ಜೀವನಕ್ಕೂ ಏನೋ ಸಂಬಂಧವಿದೆ ಎಂಬುದು ಹೀಗೆ ತಿಳಿಯಿತು. ಆ 'ಏನೋ' ಏನೆಂದು ಗೊತ್ತಾಗಲು ಇನ್ನೂ 140 ವರ್ಷ ಬೇಕಾಯಿತು. ಜರ್ಮನಿಯ ಹೆರಾಲ್ಡ್ ಸುರ್ ಹೌಸನ್ ಅವರ ತಂಡ 1983ರಲ್ಲಿ ಗರ್ಭಕೊರಳಿನ ಗಡ್ಡೆಗಳಲ್ಲಿ ಎಚ್‌ಪಿವಿಯ 16ನೇ ಬಗೆಯನ್ನೂ, ಮರುವರ್ಷ 18ನೇ ಬಗೆಯನ್ನೂ ಪತ್ತೆಮಾಡಿತು. ಈ ರೋಗದ ಸುಮಾರು ಶೇ. 70 ಪಾಲಿಗೆ ಇವೆರಡೇ ಕಾರಣ. ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ವೈರಸ್ ಮಾಡುವುದೇನು? ಅದರ ಬಳಿ ಇರುವುದು ಎಂಟು ಸಾವಿರದಷ್ಟು ಅಕ್ಷರಗಳ ಪುಟ್ಟ ಪುಸ್ತಕ. ತನ್ನನ್ನು ತಾನು ನಕಲು ಮಾಡುವ ಯಂತ್ರ ಅದಕ್ಕಿಲ್ಲ. ನಮ್ಮ ಕೋಶದ ಯಂತ್ರವನ್ನೇ ಬಳಸಬೇಕು. ಆದರೆ ಚರ್ಮದ ಪದರದಲ್ಲಿ ಮೇಲಕ್ಕೆ ಬಂದ ಕೋಶ ವಿಭಜನೆಯನ್ನು ನಿಲ್ಲಿಸಿ ಯಂತ್ರವನ್ನು ಬಂದ್ ಮಾಡಿರುತ್ತದೆ. ಆಗ ವೈರಸ್ ಎರಡು ಪ್ರೋಟೀನುಗಳನ್ನು ಹೊರಬಿಡುತ್ತದೆ. 'ಇ7' ಎಂಬುದು ಹೋಗಿ ಆರ್‌ಬಿ ಬ್ರೇಕನ್ನು ಹಿಡಿದು ಕೆಲಸ ಕೆಡಿಸುತ್ತದೆ. 'ಇ6' ಎಂಬುದು ಪಿ53ನ್ನು ನಾಶಮಾಡಿಸುತ್ತದೆ. ಪುಟ್ಟ ಮಗುವಿನ ಕಣ್ಣಿನಲ್ಲಿ ಮಾರ್ಪಾಡಿನಿಂದ ಕೆಟ್ಟದ್ದು ಯಾವ ಬ್ರೇಕೋ, ಇಲ್ಲಿ ವೈರಸ್ ಮುರಿಯುವುದೂ ಅದನ್ನೇ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ತನ್ನ 31ನೇ ವಯಸ್ಸಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಜೀವಕೋಶಗಳು ಆಕೆಯ ಅನುಮತಿಯಿಲ್ಲದೆಯೇ ಸಂಶೋಧನೆಗೆ ಹೋಗಿ, ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿರುವುದು 18ನೇ ಬಗೆಯ ಎಚ್‌ಪಿವಿ. ಆಕೆಯ ಪಿ53 ವಂಶವಾಹಿ ಕೆಟ್ಟಿರಲಿಲ್ಲ. ಅದು ತಯಾರಿಸಿದ ಪ್ರೋಟೀನನ್ನು ಇ6 ಉಳಿಯಗೊಡಲಿಲ್ಲ.

ಸಾಮಾನ್ಯವಾಗಿ ವೈರಸ್ ಈ ಎರಡು ಪ್ರೋಟೀನುಗಳನ್ನು ಹದದಲ್ಲಿ ಇಟ್ಟುಕೊಂಡಿರುತ್ತದೆ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ನಮ್ಮ ದೇಹವೇ ಎರಡು ವರ್ಷಗಳೊಳಗೆ ಓಡಿಸಿಬಿಡುತ್ತದೆ. ಉಳಿದುಕೊಂಡ ಕೆಲವರಲ್ಲಿ ವೈರಸ್ಸಿನ ಡಿಎನ್‌ಎ ತುಂಡಾಗಿ ನಮ್ಮ ವರ್ಣತಂತುವಿನೊಳಗೆ ಸೇರಿಕೊಳ್ಳುವುದುಂಟು. ಹಾಗೆ ಸೇರುವಾಗ ಹದ ಕಾಯುವ ಭಾಗವೇ ಮುರಿದುಹೋಗಿ ಇ6, ಇ7 ಲಗಾಮಿಲ್ಲದೆ ತಯಾರಾಗುತ್ತವೆ. ಬ್ರೇಕಿಲ್ಲದ ಕೋಶ ವಿಭಜನೆಯಾಗುತ್ತಾ ಹೋದಂತೆ ಹೊಸ ಮಾರ್ಪಾಡುಗಳು ಸೇರಿಕೊಳ್ಳುತ್ತವೆ. ಸೋಂಕಿನಿಂದ ಕ್ಯಾನ್ಸರಿನವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಇದರಿಂದ ವೈರಸ್ಸಿಗೆ ಲಾಭವೇನೂ ಇಲ್ಲ. ತುಂಡಾಗಿ ಸಿಕ್ಕಿಕೊಂಡ ವೈರಸ್ ಇನ್ನೊಬ್ಬರಿಗೆ ಹೋಗಲಾರದು. ಕ್ಯಾನ್ಸರ್ ಅದರ ಪಾಲಿಗೂ ಒಂದು ಅಪಘಾತವೇ.

ಹೆಪಟೈಟಿಸ್ ಬಿ ವೈರಸ್ಸಿನ ದಾರಿ ಬೇರೆ. ಅದು ಯಕೃತ್ತಿನಲ್ಲಿ ದಶಕಗಳ ಕಾಲ ಉಳಿದು, ಕೋಶಗಳು ಸಾಯುತ್ತಾ ಹುಟ್ಟುತ್ತಾ ಇರುವಂತೆ ಮಾಡುತ್ತದೆ. ನಕಲು ಹೆಚ್ಚಾದಷ್ಟೂ ತಪ್ಪು ಹೆಚ್ಚು. ಜೊತೆಗೆ ತನ್ನ ಡಿಎನ್‌ಎಯನ್ನೂ ನಮ್ಮದರೊಳಗೆ ಸೇರಿಸುತ್ತದೆ. ತೈವಾನ್ ದೇಶ 1984ರಲ್ಲಿ ನವಜಾತ ಶಿಶುಗಳಿಗೆ ಇದರ ಲಸಿಕೆ ಕೊಡಲು ಆರಂಭಿಸಿತು. ಮಕ್ಕಳ ಯಕೃತ್ತಿನ ಕ್ಯಾನ್ಸರ್ ಕಡಿಮೆಯಾಗಿರುವುದು 1997ರ ಹೊತ್ತಿಗೆ ದಾಖಲಾಯಿತು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲವಾದರೂ ಈಗ ಕೆಲವು ತಿಂಗಳ ಮಾತ್ರೆಯಿಂದ ಗುಣವಾಗುತ್ತದೆ.

ಈಗ ಬಾವಿಕಟ್ಟೆಯ ಬಟ್ಟಲಿಗೆ ಬರೋಣ. ಒಬ್ಬರ ಕ್ಯಾನ್ಸರ್ ಕೋಶ ಇನ್ನೊಬ್ಬರ ದೇಹಕ್ಕೆ ಹೋದರೂ ಪರಕೀಯವೆಂದು ಗುರುತಿಸಲ್ಪಟ್ಟು ನಾಶವಾಗುತ್ತದೆ. ಎಚ್‌ಪಿವಿ ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಊಟ, ನೀರು, ಬಟ್ಟಲು, ಅಪ್ಪುಗೆಯಿಂದ ಅಲ್ಲ. ಹೆಪಟೈಟಿಸ್ ಬಿ ಕೂಡ ಒಟ್ಟಿಗೆ ಉಂಡರೆ ಬರುವುದಿಲ್ಲ. ಬ್ಲೇಡು ಮತ್ತು ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳದಿದ್ದರೆ ಸಾಕು. ಚಿಕಿತ್ಸೆಯಿಂದ ಬಳಲಿ ಬಂದ ಹೆಂಗಸನ್ನು ಬೇರೆ ಬಟ್ಟಲಿನಲ್ಲಿ ಉಣ್ಣಿಸುವುದರಿಂದ ಯಾರಿಗೂ ರಕ್ಷಣೆಯಿಲ್ಲ. ಆಕೆಗೆ ನೋವು ಮಾತ್ರ.

ಇಲ್ಲಿ ಇನ್ನೊಂದು ಸೂಕ್ಷ್ಮ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 'ಲೈಂಗಿಕ ಸಂಪರ್ಕ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ರೋಗಿಯ ನಡತೆಯ ಬಗ್ಗೆ ಪಿಸುಮಾತು ಶುರುವಾಗುತ್ತದೆ. ಇದು ಅನ್ಯಾಯ. ದಾಂಪತ್ಯ ಜೀವನ ನಡೆಸಿದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಎಂದಾದರೊಮ್ಮೆ ಈ ವೈರಸ್ ತಗಲಿರುತ್ತದೆ. ಅದು ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಇರಬಲ್ಲದು. ಯಾರಿಂದ, ಯಾವಾಗ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು. ಒಬ್ಬನೇ ಗಂಡನೊಂದಿಗೆ ಬಾಳಿದ ಸಾಧ್ವಿಗೂ ಇದು ಬರುತ್ತದೆ. ಕುರುಡನಾಗಿ ಹುಟ್ಟಿದವನನ್ನು ಕಂಡು ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ರೋಗಿಯ ಮನೆಗೆ ಹೋಗುವ ನಮ್ಮವರು ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು ಹೋಗಬಾರದು.

ಲಸಿಕೆಯ ಬಗ್ಗೆ ತಾಯಂದಿರ ಅಳುಕು ನಮಗೆ ಅರ್ಥವಾಗುತ್ತದೆ. ಇನ್ನೂ ಶಾಲೆಗೆ ಹೋಗುವ ಹುಡುಗಿಗೆ ಇಂತಹ ಲಸಿಕೆ ಏಕೆ ಎಂದು ಅವರು ಕೇಳುತ್ತಾರೆ. ಹೆಪಟೈಟಿಸ್ ಬಿ ಕೂಡ ಲೈಂಗಿಕ ಸಂಪರ್ಕದಿಂದ ಹರಡಬಲ್ಲದು. ಅದರ ಲಸಿಕೆಯನ್ನು ಹುಟ್ಟಿದ 24 ಗಂಟೆಯೊಳಗೆ ಕೊಡುವಾಗ ಯಾರೂ ಈ ಪ್ರಶ್ನೆ ಕೇಳುವುದಿಲ್ಲ! ಎಚ್‌ಪಿವಿ ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಚಿಪ್ಪು ಮಾತ್ರ. ಒಳಗೆ ಡಿಎನ್‌ಎ ಇಲ್ಲ, ಇ6, ಇ7 ಇಲ್ಲ. ಆ ಚಿಪ್ಪನ್ನು ದೇಹ ಮೊದಲೇ ಗುರುತಿಸಿಕೊಂಡಿದ್ದರೆ ವೈರಸ್ ಬಂದಾಗ ತಡೆಯುತ್ತದೆ. ಒಳಹೊಕ್ಕ ಮೇಲೆ ಓಡಿಸಲು ಲಸಿಕೆಯಿಂದ ಆಗದು. 9ರಿಂದ 14 ವರ್ಷದೊಳಗೆ ಕೊಡಬೇಕೆನ್ನುವುದು ಇದಕ್ಕಾಗಿ. ಸ್ಕಾಟ್ಲೆಂಡಿನಲ್ಲಿ 12-13ನೇ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಗರ್ಭಕೊರಳಿನ ಕ್ಯಾನ್ಸರ್ ಕಂಡುಬಂದಿಲ್ಲವೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಒಂದೇ ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿತು. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ 'ಸರ್ವಾವ್ಯಾಕ್' ಎಂಬ ಸ್ವದೇಶಿ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು.

ಆಂಧ್ರ ಮತ್ತು ಗುಜರಾತಿನಲ್ಲಿ 2009-10ರಲ್ಲಿ ನಡೆದ ಲಸಿಕಾ ಯೋಜನೆಯ ವೇಳೆ ಏಳು ಹುಡುಗಿಯರು ಸತ್ತ ಸುದ್ದಿಯನ್ನು ಕೆಲವರು ನೆನಪಿಸುತ್ತಾರೆ. ಅದನ್ನು ಮರೆಮಾಚಬೇಕಾಗಿಲ್ಲ. ಯೋಜನೆಯನ್ನು 2010ರಲ್ಲಿ ನಿಲ್ಲಿಸಲಾಯಿತು. ತನಿಖೆಯಲ್ಲಿ ಸಾವುಗಳಿಗೆ ಲಸಿಕೆ ಕಾರಣವೆಂಬುದಕ್ಕೆ ಆಧಾರ ಸಿಗಲಿಲ್ಲ. ಹಾವು ಕಚ್ಚಿ, ನೀರಿನಲ್ಲಿ ಮುಳುಗಿ ಸತ್ತವರೂ ಅವರಲ್ಲಿದ್ದರು. ಆದರೆ ಹೆತ್ತವರ ಒಪ್ಪಿಗೆಯನ್ನು ಸರಿಯಾಗಿ ಪಡೆಯದೆ ಹಾಸ್ಟೆಲಿನ ಮಕ್ಕಳಿಗೆ ಚುಚ್ಚಿದ್ದು ದೊಡ್ಡ ತಪ್ಪೆಂದು ಬಯಲಾಯಿತು. ಶಾಲೆ, ಹಾಸ್ಟೆಲುಗಳನ್ನು ನಡೆಸುವ ನಮ್ಮ ಸಂಸ್ಥೆಗಳಲ್ಲಿ ಶಿಬಿರ ಇಡುವಾಗ ತಂದೆತಾಯಿಯನ್ನು ಕೂರಿಸಿ ವಿವರಿಸದೆ ಮುಂದುವರಿಯಬಾರದು.

ಲಸಿಕೆಯ ವಯಸ್ಸು ದಾಟಿದವರಿಗೆ ತಪಾಸಣೆಯೇ ದಾರಿ. ಸರಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗರ್ಭಕೊರಳಿಗೆ ವಿನೆಗರಿನಂತಹ ದ್ರಾವಣ ಸವರಿ ಬಿಳಿ ಕಲೆ ಕಾಣುತ್ತದೆಯೇ ಎಂದು ನೋಡುವುದಷ್ಟೇ ಕೆಲಸ; ಕೆಲವೇ ನಿಮಿಷ ಸಾಕು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರಿಂದ ಇದೇ ಪರೀಕ್ಷೆ ಮಾಡಿಸಿದಾಗ, ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತೆಂದು 2014ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಕ್ಯಾನ್ಸರ್ ಆಗುವ ಮೊದಲಿನ ಹಂತದಲ್ಲಿ ಸಿಕ್ಕಿದರೆ ಹಲವು ಸಲ ಆಸ್ಪತ್ರೆಯಲ್ಲಿ ಮಲಗದೆಯೇ ಅಂದೇ ಚಿಕಿತ್ಸೆ ಮುಗಿಸಿ ಮನೆಗೆ ಬರಬಹುದು. ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು. ಲಸಿಕೆ ಎಲ್ಲಾ ಬಗೆಯ ಎಚ್‌ಪಿವಿಯನ್ನು ತಡೆಯುವುದಿಲ್ಲ.

ಅತ್ತೆಯ ಪ್ರಶ್ನೆಗಳಿಗೆ ಉತ್ತರ ಹೇಳಲು ನಾವು ಆ ಮನೆಗೆ ಇನ್ನೊಮ್ಮೆ ಹೋದೆವು. ಮೊಮ್ಮಗಳಿಗೆ ಈಗ 12 ವರ್ಷ. ಲಸಿಕೆ ಎಲ್ಲಿ ಸಿಗುತ್ತದೆ, ಎಷ್ಟು ಖರ್ಚು ಎಂದು ವಿಚಾರಿಸಿದರು. ಮಾತಿನ ನಡುವೆ, ಮುಟ್ಟು ನಿಂತು ಹತ್ತು ವರ್ಷವಾದರೂ ತಮಗೆ ಎರಡು ಸಲ ರಕ್ತ ಕಂಡಿತ್ತೆಂದು ನಮ್ಮ ಜೊತೆ ಬಂದಿದ್ದ ಭಗಿನಿಯ ಕಿವಿಯಲ್ಲಿ ಹೇಳಿದರಂತೆ. ಅದನ್ನು ಸೊಸೆಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಮುಟ್ಟು ನಿಂತ ಮೇಲಿನ ರಕ್ತ, ಸಂಪರ್ಕದ ಬಳಿಕ ಕಾಣುವ ರಕ್ತ, ವಾಸನೆಯ ಬಿಳಿಸೆರಗು, ಇವು ಕ್ಯಾನ್ಸರೇ ಆಗಿರಬೇಕೆಂದಿಲ್ಲ. ಆದರೆ ಇವುಗಳಲ್ಲಿ ಯಾವುದು ಕಂಡರೂ ಅದೇ ವಾರ ವೈದ್ಯರಲ್ಲಿಗೆ ಹೋಗಬೇಕು. ಭಗಿನಿ ಮರುದಿನವೇ ಅವರನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ದರು.